ಮೂರನೇ ಡಿಸ್ಕಿನ ಮಳೆಗಾಲ

ಆಗಸ್ಟ್ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಹುಣಸೂರಿನ ನಮ್ಮ ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಪಕ್ಕದ ಸಣ್ಣ ಕೋಣೆ. ಹಾಜರಿದ್ದವರು ನಾನು, ಎಕ್ಸ್-ರೇ ತೆಗೆಯುವ ರೇವಣ್ಣ, ಮತ್ತು ಮೈಸೂರಿನಿಂದ ಬಂದಿದ್ದ ಹೊಸ ಕಂಪನಿಯ ಒಬ್ಬರು. ಆಗಬೇಕಾದ ಕೆಲಸ, ಹಳೆಯ ಸ್ಟೋರೇಜ್ ಸರ್ವರನ್ನು ಪೂರ್ತಿಯಾಗಿ ಆರಿಸುವುದು.

ಯಾವ ಕೆಲಸವನ್ನಾದರೂ ಹೀಗೆ ಹೇಳಿಕೊಂಡು ಶುರು ಮಾಡುವುದು ನನ್ನ ಅಭ್ಯಾಸ. ಪಿರಿಯಾಪಟ್ಟಣದಿಂದ ಹೋದ ನನ್ನನ್ನು ನರ್ಸಿಂಗ್ ಶಾಲೆಯವರು ಬೆಳಗಿನ ಐದಕ್ಕೆ ಎಬ್ಬಿಸಿ, ಹಾಸಿಗೆಯ ಮೂಲೆ ಮಡಿಸುವುದರಿಂದ ಹಿಡಿದು ಮನೆಯವರಿಗೆ ಸಾವಿನ ಸುದ್ದಿ ಹೇಳುವವರೆಗೆ ಎಲ್ಲಕ್ಕೂ ಒಂದು ಕ್ರಮ ಕಲಿಸಿದರು. ಆ ಕ್ರಮದಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತಳಾದೆ. ಆಮೇಲೆ ಈ ಟ್ರಸ್ಟಿನ ಆಸ್ಪತ್ರೆಯವರು ರೋಗಿಗಳ ದಾಖಲೆ ನೋಡಿಕೊಳ್ಳಲು ಕರೆದರು. ಕಾಗದ ಹೋಗಿ ಯಂತ್ರ ಬಂದಾಗ ಯಂತ್ರವೂ ನನ್ನ ಪಾಲಿಗೇ ಬಂತು. ಎಕ್ಸ್-ರೇ, ಸ್ಕ್ಯಾನು, ಎಲ್ಲರ ಚಿತ್ರಗಳೂ ಅದರೊಳಗೆ ಇರುತ್ತಿದ್ದವು. ಈಗ ಅವೆಲ್ಲ ಇಂಟರ್ನೆಟ್ಟಿನಲ್ಲಿ ಹೋಗಿ ಬೇರೆಲ್ಲೋ ಇರುವ ಯಂತ್ರವನ್ನು ಸೇರಿಕೊಂಡಿವೆ. ಹಾಗಾಗಿ ಈ ಯಂತ್ರ ಇನ್ನು ಬೇಡ. ಯಂತ್ರದ ಜೊತೆ ನನ್ನ ಕೆಲಸವೂ ಮುಗಿಯುತ್ತದೆ. ಡಾಕ್ಟರು ಅದನ್ನು ಸುತ್ತಿ ಬಳಸದೆ ನೇರವಾಗಿ ಹೇಳಿದರು. ನನಗೂ ಹಾಗೆ ಹೇಳಿದರೇ ಹಿಡಿಸುತ್ತದೆ.

ಕೋಣೆ ಬಿಸಿಯಾಗಿತ್ತು. ಕಿಟಕಿ ತೆಗೆದೆ. ಹೊರಗೆ ಜಿನುಗು ಮಳೆ. ಒದ್ದೆ ಗಾಳಿಯ ಜೊತೆ ಎಲ್ಲಿಯದೋ ಬ್ಯಾರನ್ನಿನ ಒಲೆಮನೆಯಲ್ಲಿ ಬೇಯುತ್ತಿದ್ದ ಹೊಗೆಸೊಪ್ಪಿನ ವಾಸನೆ ಒಳಗೆ ಬಂತು. ಬೆಲ್ಲದ ಪಾಕಕ್ಕೆ ಒಣಹುಲ್ಲು ಬಿದ್ದು ಸೀದ ಹಾಗಿರುವ ವಾಸನೆ. ಅದು ಯಂತ್ರದ ಬಿಸಿ ಧೂಳಿನ ವಾಸನೆಗೆ ಸೇರಿತು. ಕೈಯಲ್ಲಿದ್ದ ಕೀಗೊಂಚಲನ್ನು ಮೇಜಿನ ಮೇಲಿಟ್ಟು ನಾನು ಕೂತುಬಿಟ್ಟೆ. ಕೆಲಸದ ಹೊತ್ತಿನಲ್ಲಿ ನಾನು ಕೂರುವವಳಲ್ಲ. ಆದರೆ ಈ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ನೆನಪಾಗುವುದು ಒಂದೇ ಮಳೆಗಾಲ, ಶಶಿಕಲಾ ನಮ್ಮಲ್ಲಿದ್ದ ಮಳೆಗಾಲ.

ಆಗ ಯಂತ್ರ ಬಂದು ಸ್ವಲ್ಪ ಕಾಲವಾಗಿತ್ತು. ಒಮ್ಮೊಮ್ಮೆ ಯಾರದೋ ಚಿತ್ರ ಕಳೆದುಹೋಗುತ್ತಿತ್ತು. ಬಿಳಿಕೆರೆಯ ಬಸ್‌ಸ್ಟಾಪಿನಲ್ಲಿ ಟೀ ಅಂಗಡಿ ಇಟ್ಟಿದ್ದ ನಿಂಗರಾಜು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು ಬಂದಿದ್ದ. ಸಿಮೆಂಟ್ ಪಟ್ಟಿ ಹಾಕಿ ಕಳಿಸಿದ ಮೇಲೆ ಮತ್ತೆ ಬಂದಾಗ ಹಳೆಯ ಎಕ್ಸ್-ರೇ ಎಲ್ಲೂ ಸಿಗಲಿಲ್ಲ. ಮೂಳೆ ಕೂಡುತ್ತಿದೆಯೋ ಜಾರುತ್ತಿದೆಯೋ ಎಂದು ಹೋಲಿಸಿ ನೋಡಲು ಡಾಕ್ಟರ ಕೈಯಲ್ಲಿ ಏನೂ ಇರಲಿಲ್ಲ. ನಿಂಗರಾಜು ಬೆಂಚಿನ ಮೇಲೆ ಕಾಲು ಚಾಚಿಕೊಂಡು, ವಾರ್ಡಿಗೆಲ್ಲ ಕೇಳುವ ಹಾಗೆ, “ಕಾಲು ನನ್ತಾವೇ ಅದೆ ಸಿಸ್ಟ್ರೇ, ಒಳಗಿದ್ದ ಮೂಳೆ ನಿಮ್ತಾವ ಕಳ್ದೋಯ್ತಾ?” ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕಾಗದದ ಕಾಲದಲ್ಲಿ ನನ್ನ ಕೈಯಿಂದ ರೋಗಿಯ ದಾಖಲೆ ಎಂದೂ ಕಳೆದಿರಲಿಲ್ಲ.

ಡಾಕ್ಟರು ಯಂತ್ರದೊಳಗಿನ ಸಾಫ್ಟ್‌ವೇರ್ ಮಾಡಿದ ಕಂಪನಿಗೆ ಫೋನ್ ಮಾಡಿ ಗದರಿದರು. ಅವರು ಶಶಿಕಲಾಳನ್ನು ಕಳಿಸಿದರು. ಬರುವಾಗಲೇ ಮಾತಾಗಿತ್ತು. ಯಂತ್ರ ಏನು ಹೇಳುತ್ತಿದೆ ಎಂಬುದನ್ನು ನಮ್ಮ ಆಸ್ಪತ್ರೆಯವರೇ ಓದಿ, ನಾವೇ ಸರಿಮಾಡಿಕೊಳ್ಳುವಂತಾಗುವವರೆಗೆ ಅವಳು ಇಲ್ಲಿ ಕೂರಬೇಕು. ಅದಾದ ದಿನ ಅವಳು ಬೇರೆ ಆಸ್ಪತ್ರೆಗೆ ಹೊರಡಬೇಕು.

ಅವಳು ಗಾವಡಗೆರೆಯವಳು. ಮನೆಯಿಂದಲೇ ಬಸ್ಸಿನಲ್ಲಿ ಬರುತ್ತಿದ್ದಳು. ಮೂವತ್ತು ದಾಟಿದ, ಮಾತು ಮುಗಿಯುವ ಮೊದಲೇ ನಗು ಬರುವ ಹೆಂಗಸು. ಮೊದಲ ದಿನ ತಡವಾಗಿ ಬಂದಳು. ನಾನು ಗಡಿಯಾರ ನೋಡಿದೆ. ಮಾರನೆಯ ದಿನದಿಂದ ನಾನು ಬರುವಷ್ಟರಲ್ಲಿ ಅವಳ ಕೊಡೆ ಹೊರಗಿನ ಮೊಳೆಗೆ ನೇತುಬಿದ್ದು ನೀರು ಸೋರಿಸುತ್ತಿರುತ್ತಿತ್ತು. ಒದ್ದೆ ಕೊಡೆಯನ್ನು ಒಳಗೆ ತಾರದವರ ಬಗ್ಗೆ ನನಗೆ ಗೌರವ.

ಯಂತ್ರ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದುಕೊಳ್ಳುತ್ತದೆ, ಅದಕ್ಕೆ ಲಾಗ್ ಎನ್ನುತ್ತಾರೆ, ಏನಾದರೂ ಕೆಟ್ಟರೆ ಅದರಲ್ಲಿ ಹುಡುಕಬೇಕು ಎಂದು ಅವಳು ತೋರಿಸಿದಳು. ನೋಡಿದೆ. ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಸೊನ್ನೆಗಳು, ಗಿಡ್ಡ ಇಂಗ್ಲಿಷ್ ಅಕ್ಷರಗಳು, ಬಾಲ ಮುಗಿಯದ ಅಂಕಿಗಳು. ಒಂದೇ ಸಾಲು ನೂರಾರು ಸಲ. ರೇವಣ್ಣ ಕೃಷ್ಣರಾಜನಗರದ ಕಡೆಯವನು, ನಾಲಿಗೆ ಚುರುಕು. ಅವನು ಬಗ್ಗಿ ನೋಡಿ, “ಇದೇನ್ ಇಂಜಿನಿಯರಮ್ಮ, ಕೋಳಿ ಕೆದರ್ದಂಗೆ ಅದೆ,” ಎಂದ. ಯಂತ್ರ ಸುಳ್ಳು ಹೇಳುತ್ತಿಲ್ಲ ರೇವಣ್ಣ, ಯಾರಿಗೂ ಅರ್ಥವಾಗದ ಹಾಗೆ ನಿಜ ಹೇಳುತ್ತಿದೆ, ಅಷ್ಟೇ, ಎಂದು ಅವಳು ನಕ್ಕಳು.

ಗಡಿಯಾರದ ವಿಷಯಕ್ಕೆ ನಮ್ಮಲ್ಲಿ ಮೊದಲ ಜಗಳವಾಯಿತು. ಯಂತ್ರ ಹೊತ್ತನ್ನು ಗ್ರೀನಿಚ್ಚಿನ ಲೆಕ್ಕದಲ್ಲಿ ಬರೆಯುತ್ತಿತ್ತು. ನಮ್ಮ ಬೆಳಗಿನ ಎಂಟೂವರೆ ಅದಕ್ಕೆ ಇನ್ನೂ ಮೂರು ಗಂಟೆಯ ನಸುಕು. ಹೊತ್ತು ತಪ್ಪಾಗಿ ಬರೆದ ಜ್ವರ ಯಾರ ಜ್ವರವೂ ಅಲ್ಲ, ಇದನ್ನು ಮೊದಲು ಬದಲಿಸು ಎಂದೆ.

“ಎಲ್ಲಾ ದೇಶದ ಯಂತ್ರಾನೂ ಒಂದೇ ಹೊತ್ತಲ್ಲಿ ಬರೀಲಿ ಅಂತ ಅಂಗೆ ಮಾಡಿರೋದು ಸಿಸ್ಟ್ರೇ.”

“ನಮ್ಮಲ್ಲಿರೋದು ಒಂದೇ ಯಂತ್ರ,” ಎಂದೆ.

ಅವಳು ನನ್ನನ್ನೇ ಒಂದು ಕ್ಷಣ ನೋಡಿ, ತಿರುಗಿ ಕೂತು ಬದಲಿಸಿದಳು. ಅಂದಿನಿಂದ ನಾವಿಬ್ಬರೂ ಆ ಲಾಗನ್ನು ಒಂದು ಹಾಸಿಗೆಯ ಎರಡು ಬದಿಗೆ ನಿಂತು ಚಾದರ ಎಳೆಯುವವರ ಹಾಗೆ ಸರಿಪಡಿಸುತ್ತ ಹೋದೆವು. ಚಿತ್ರಗಳನ್ನು ತುಂಬಿಸಿಡಲು ಯಂತ್ರದೊಳಗೆ ನಾಲ್ಕು ಡಿಸ್ಕುಗಳಿದ್ದವು. ಅವುಗಳ ಹೆಸರು ಉಸಿರು ಹಿಡಿದು ಓದಬೇಕಾದಷ್ಟು ಉದ್ದ. ನಾನು ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನು ತುಂಡು ಮಾಡಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು ಅವುಗಳ ಮುಂದೆ ಅಂಟಿಸಿದೆ. ಅವಳು ಲಾಗಿನಲ್ಲೂ ಅವುಗಳನ್ನು ಹಾಗೇ ಕರೆಯುವಂತೆ ಮಾಡಿದಳು. ಸೆಕೆಂಡಿನ ಸಾವಿರದ ಪಾಲುಗಳಲ್ಲಿ ಇದ್ದ ಹೊತ್ತಿನ ಲೆಕ್ಕ ಸೆಕೆಂಡಿಗೆ ಬಂತು. ಇಷ್ಟು ಜಾಗ ತುಂಬಿದೆ ಎನ್ನುವ ಕಡೆ ಇನ್ನೂ ಇಷ್ಟು ಚಿತ್ರ ಹಿಡಿಸುತ್ತದೆ ಎಂದು ಬಂತು. ಒಂದೇ ಮಾತನ್ನು ಯಂತ್ರ ನೂರು ಸಲ ಹೇಳುವ ಬದಲು ಒಂದು ಸಲ ಹೇಳಿ, ಇದು ಬೆಳಿಗ್ಗೆಯಿಂದ ಹೀಗೇ ಇದೆ ಎಂದು ಸೇರಿಸತೊಡಗಿತು.

ಮಾತುಗಳನ್ನು ಕನ್ನಡಕ್ಕೆ ತರುವಾಗ ಅವಳಿಗೆ ತೊಡಕಾಯಿತು. ಒಂದು ಸಾಲಿನಲ್ಲಿ ಏನಿರಬೇಕು, ಏನು ಬೇಡ ಎಂಬುದು ಹಿಡಿತಕ್ಕೆ ಸಿಗಲಿಲ್ಲ. ಒಂದು ಮಧ್ಯಾಹ್ನ ಪೆನ್ನು ಕಚ್ಚುತ್ತ, ನೀವು ಡ್ಯೂಟಿ ಬದಲಾಗುವಾಗ ಒಬ್ಬರಿಗೊಬ್ಬರು ಏನು ಹೇಳುತ್ತಿದ್ದಿರಿ ಎಂದು ಕೇಳಿದಳು. ನಾನು ಎದ್ದು ನಿಂತೆ, ಕೂತು ಹೇಳುವ ಮಾತಲ್ಲ ಅದು. ವಾರ್ಡು ಒಪ್ಪಿಸುವಾಗ ಪ್ರತಿ ರೋಗಿಯ ಬಗ್ಗೆ ಮೂರು ಮಾತು. ಏನಾಗಿದೆ, ಯಾವಾಗಿನಿಂದ, ಈಗ ಏನು ಮಾಡಬೇಕು. ಒಪ್ಪಿಸಿಕೊಳ್ಳುವವಳು ಆ ಮೂರನ್ನೂ ತಿರುಗಿ ಹೇಳಬೇಕು. ತಿರುಗಿ ಹೇಳುವವರೆಗೆ ವಾರ್ಡು ಹೋಗುವವಳದೇ. ಅವಳು ಮನೆಗೆ ಹೋಗುವ ಹಾಗಿಲ್ಲ.

ಶಶಿಕಲಾ ಪೆನ್ನು ಕೆಳಗಿಟ್ಟಳು. “ಅಷ್ಟೇ ಸಾಕು ಕಣ್ರೀ ಸಿಸ್ಟ್ರೇ. ಯಂತ್ರ ಒಪ್ಪಿಸ್ಲಿ, ನೀವು ಒಪ್ಪಿಸ್ಕೊಳಿ.”

ಅವತ್ತಿನಿಂದ ಪ್ರತಿ ಸಾಲಿಗೂ ಮೂರು ಮಾತು. ಅವಳು ಬರೆಯುತ್ತಿದ್ದಳು, ನಾನು ಗಟ್ಟಿಯಾಗಿ ಓದುತ್ತಿದ್ದೆ, ಎಡವಿದಲ್ಲಿ ತಿದ್ದುತ್ತಿದ್ದೆವು. ರೇವಣ್ಣನನ್ನು ಕರೆದು ಓದಿಸುತ್ತಿದ್ದೆವು. ಅವನು ಒಂದೇ ಓದಿಗೆ ಹಿಡಿದರೆ ಆ ಸಾಲು ಪಾಸು.

ನನ್ನ ಊಟದ ಹೊತ್ತು ಹನ್ನೆರಡೂ ಮುಕ್ಕಾಲು. ಅದು ಹಿಂದೆ ಮುಂದೆ ಆದದ್ದಿಲ್ಲ. ಅವಳಿಗೆ ಊಟಕ್ಕೊಂದು ಹೊತ್ತೇ ಇರಲಿಲ್ಲ. ಜುಲೈ ಮುಗಿಯುವಷ್ಟರಲ್ಲಿ ಅವಳ ಡಬ್ಬಿಯ ಮುಚ್ಚಳವೂ ನನ್ನದರ ಜೊತೆಗೇ ತೆರೆಯತೊಡಗಿತು. ಅವಳ ಮನೆಯ ಅಕ್ಕಿರೊಟ್ಟಿ, ನನ್ನ ಹುರುಳಿಕಾಳಿನ ಸಾರು. ನಾನು ಒಬ್ಬಳೇ ಇದ್ದು ಒಬ್ಬಳಿಗೇ ಅಳೆದು ಅಡುಗೆ ಮಾಡಿಕೊಂಡವಳು. ಆ ಮಳೆಗಾಲ ಕಾಳು ನೆನೆಹಾಕುವಾಗ ಕೈ ತಾನಾಗಿ ಇನ್ನೊಂದು ಹಿಡಿ ಹಾಕುತ್ತಿತ್ತು. ಅದನ್ನು ನಾನು ಗಮನಿಸಿದೆ. ಪ್ರತಿ ಸಾಲು ಓದಲು ಸುಲಭವಾದಂತೆ ಅವಳು ಹೊರಡುವ ದಿನ ಹತ್ತಿರ ಬರುತ್ತಿದೆ ಎಂಬುದನ್ನೂ ಗಮನಿಸಿದೆ. ಅದನ್ನು ಯಾರಿಗೂ ಹೇಳಲಿಲ್ಲ. ಕೆಲಸವನ್ನು ನಿಧಾನ ಮಾಡಲೂ ಇಲ್ಲ.

ಆಗಸ್ಟಿನ ಒಂದು ಭಾನುವಾರ ಗಾವಡಗೆರೆಗೆ ಕರೆದುಕೊಂಡು ಹೋದಳು. ಬ್ಯಾರನ್ನಿನ ಒಲೆ ಉರಿಯುತ್ತಿತ್ತು. ಜಗಲಿಯ ಮೇಲೆ ಹೆಂಗಸರು ಮೊದಲ ಕೊಯ್ಲಿನ ಬೆಂದ ಸೊಪ್ಪನ್ನು ಹರಡಿಕೊಂಡು ಗ್ರೇಡು ಮಾಡುತ್ತಿದ್ದರು. ನಿಂಬೆ ಬಣ್ಣದ್ದು ಒಂದು ಗುಡ್ಡೆ, ಕಂದಿದ್ದು ಒಂದು, ಹಸಿರು ಉಳಿದದ್ದು ಇನ್ನೊಂದು, ಹರಿದ ಚೂರು ಹಿಂದಕ್ಕೆ. ಸುಮ್ಮನೆ ಕೂರಲಾಗದೆ ನಾನೂ ಒಂದು ಮಡಿಲು ಸೊಪ್ಪು ಎಳೆದುಕೊಂಡೆ. ಒಂದೊಂದು ಎಲೆಯನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಶಶಿಕಲಾಳ ತಾಯಿ ಜಯಮ್ಮ ನೋಡಿ ನೋಡಿ, “ಆಸ್ಪತ್ರೇಲಿ ಮೊಖ ನೋಡ್ತೀರಿ ಸರಿ ಸಿಸ್ಟ್ರೇ. ಇಲ್ಲಿ ಬಣ್ಣ ನೋಡಿ ಮಡಗಿ ಸಾಕು, ಇಲ್ದಿದ್ರೆ ದಸರಾಕೂ ಮುಗಿಯಕಿಲ್ಲ,” ಎಂದರು. ಸಂಜೆಯ ಹೊತ್ತಿಗೆ ನನ್ನ ಗುಡ್ಡೆಗಳೂ ಅಂದವಾಗಿ ಎದ್ದಿದ್ದವು. ಕ್ರಮವಾಗಿ ಜೋಡಿಸಿದ್ದನ್ನು ನೋಡುವುದರಲ್ಲಿ ಒಂದು ಸುಖವಿದೆ, ಅದು ನನಗೆ ಹಳೆಯ ಸುಖ.

ಸೋಮವಾರ ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ಲಾಗನ್ನೂ ಹಾಗೇ ಮಾಡಬಾರದೇಕೆ? ಕೆಟ್ಟ ಸುದ್ದಿಯ ಸಾಲುಗಳೆಲ್ಲ ಕೆಂಪು ಬಣ್ಣದಲ್ಲಿ ಮೇಲೆ, ಎಚ್ಚರಿಕೆಯ ಸಾಲುಗಳು ಹಳದಿಯಲ್ಲಿ ಅದರ ಕೆಳಗೆ, ಎಲ್ಲ ಸರಿಯಿದೆ ಎನ್ನುವವು ಹಸಿರಿನಲ್ಲಿ ಕೊನೆಗೆ. ಕರೆಂಟು ಹೋಯಿತು, ಕರೆಂಟು ಬಂತು ಎನ್ನುವ ದಿನನಿತ್ಯದ ಮಾತುಗಳನ್ನು ಹರಿದ ಚೂರಿನ ಹಾಗೆ ಹಿಂದಕ್ಕೆ ತಳ್ಳಿಬಿಟ್ಟೆವು, ಅವು ಪರದೆಗೇ ಬರುತ್ತಿರಲಿಲ್ಲ. ಎಷ್ಟು ಚೆನ್ನಾಗಿ ಕಂಡಿತೆಂದರೆ ಡಾಕ್ಟರು ಬಾಗಿಲಲ್ಲಿ ನಿಂತು, ಇದನ್ನು ನಾನೂ ಓದಬಲ್ಲೆ ಎಂದರು. ನಾವಿಬ್ಬರೂ ಹಿಗ್ಗಿದೆವು.

ಆ ಹಿಗ್ಗು ನಿಂಗರಾಜು ಮತ್ತೆ ಬರುವವರೆಗೆ ಇತ್ತು. ಹಿಂದಿನ ವಾರ ತೆಗೆದ ಅವನ ಚಿತ್ರ ಮತ್ತೆ ಇಲ್ಲ. ಕೆಂಪು ಗುಡ್ಡೆಯಲ್ಲಿ ಒಂದು ಸಾಲು, ಚಿತ್ರ ಸಿಗುತ್ತಿಲ್ಲ. ಹಳದಿ ಗುಡ್ಡೆಯಲ್ಲಿ ಎಷ್ಟೋ ಸಾಲುಗಳ ನಡುವೆ, ಮೂರನೇ ಡಿಸ್ಕ್ ತಡ ಮಾಡುತ್ತಿದೆ. ಹಸಿರಿನಲ್ಲಿ, ಚಿತ್ರ ಬಂದು ಸೇರಿತು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. “ಚಿತ್ರ ಹೋಗಿದ್ದು ಕರೆಂಟು ಹೋಗೋದಕ್ಕೆ ಮುಂಚೆಯೋ, ಆಮೇಲೋ?”

ನಾವಿಬ್ಬರೂ ಗುಡ್ಡೆಯಿಂದ ಗುಡ್ಡೆಗೆ ಓಡಾಡಿದೆವು. ಕರೆಂಟಿನ ಮಾತು ಯಾವ ಗುಡ್ಡೆಯಲ್ಲೂ ಇರಲಿಲ್ಲ, ಕಸವೆಂದು ನಾವೇ ತಳ್ಳಿದ್ದೆವು. ಡಾಕ್ಟರು ಕಾದು ನೋಡಿ ಹೊರಟುಹೋದರು. ಹೊರಗೆ ಬೆಂಚಿನ ಮೇಲೆ ನಿಂಗರಾಜು ಈ ಸಲ ಏನೂ ಹಾಸ್ಯ ಮಾಡಲಿಲ್ಲ. ಅಂಗಡಿ ಮುಚ್ಚಿ ಬಂದಿದ್ದೀನಿ ಸಿಸ್ಟ್ರೇ, ಇನ್ನೆಷ್ಟು ಸಲ ಬರಬೇಕು ಎಂದಷ್ಟೇ ಕೇಳಿದ. ಆ ಮೆತ್ತಗಿನ ದನಿ ಅವನ ಹಾಸ್ಯಕ್ಕಿಂತ ಹೆಚ್ಚು ಚುಚ್ಚಿತು.

ಶಶಿಕಲಾ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಮುಖ ಎತ್ತಿದಳು. “ಸೊಪ್ಪು ಅನ್ಕೊಂಡು ವಿಂಗಡಿಸ್ಬುಟ್ವಿ ಸಿಸ್ಟ್ರೇ. ಯಾವ ಎಲೆ ಮೊದ್ಲು ಕಿತ್ತಿದ್ದು ಅಂತ ಸೊಪ್ಪಿಗೆ ಬೇಕಾಗಿಲ್ಲ. ಇದು ಸೊಪ್ಪಲ್ಲ, ಜ್ವರ.”

ಗೋಡೆಯ ಮೇಲೆ ರೋಗಿಗಳ ಜ್ವರದ ಪಟ್ಟಿಯ ಹಾಳೆಯೊಂದು ತೂಗುತ್ತಿತ್ತು. ಹೊತ್ತಿನ ಮೇಲೆ ಹೊತ್ತು, ಒಂದೇ ಗೆರೆ. ಏರಿದ್ದನ್ನೆಲ್ಲ ಒಂದು ಕಡೆ, ಇಳಿದದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದರೆ ಜ್ವರ ಯಾವ ಕಡೆ ಹೋಗುತ್ತಿದೆ ಎಂದು ಯಾರಿಗೆ ಗೊತ್ತಾಗುತ್ತದೆ? ಗುಡ್ಡೆಗಳನ್ನು ಒಡೆದು ಎಲ್ಲವನ್ನೂ ಮತ್ತೆ ಹೊತ್ತಿನ ಸಾಲಿಗೆ ತಂದೆವು. ಬಣ್ಣಗಳನ್ನು ಉಳಿಸಿಕೊಂಡೆವು, ಕರೆಂಟಿನ ಮಾತನ್ನು ಅದರ ಜಾಗಕ್ಕೆ ಕರೆತಂದೆವು. ಮೇಲಿನಿಂದ ಕೆಳಕ್ಕೆ ಓದಿದಾಗ ಅದು ತಾನಾಗಿ ಕಥೆ ಹೇಳಿತು. ಕರೆಂಟು ಹೋಯಿತು. ಯಂತ್ರ ಬ್ಯಾಟರಿಗೆ ಬಂತು. ಮೂರನೇ ಡಿಸ್ಕ್ ಉತ್ತರ ಕೊಡದೆ ಸುಮ್ಮನಾಯಿತು. ಯಂತ್ರ ಕಾಯಿತು, ಸೋತಿತು, ಕೈಯಲ್ಲಿದ್ದ ಚಿತ್ರವನ್ನು ಬಿಟ್ಟಿತು. ಪ್ರತಿ ಸಲವೂ ಅದೇ ಕ್ರಮ. ನಡುವೆ ನಾಚಿಕೆಯಿಲ್ಲದೆ ಒಂದು ಹಸಿರು ಸಾಲು, ಚಿತ್ರ ಬಂದು ಸೇರಿತು. ಡಿಸ್ಕಿಗೆ ಬರೆದು ಮುಗಿಯುವ ಮೊದಲೇ ಯಂತ್ರ ಹಾಗೆ ಹೇಳುತ್ತಿತ್ತು. ಶಶಿಕಲಾ ಆ ಅವಸರದ ಮಾತನ್ನು ಸರಿಪಡಿಸಿದಳು. ಬರೆದಾದ ಮೇಲೆಯೇ ಸೇರಿತು ಎನ್ನಬೇಕು, ಒಂದು ಡಿಸ್ಕ್ ಸುಮ್ಮನಾದರೆ ಉಳಿದ ಮೂರಕ್ಕೆ ಬರೆಯಬೇಕು. ಕರೆಂಟು ಬಂದರೆ ಮೂರನೇ ಡಿಸ್ಕ್ ಮತ್ತೆ ಏಳುತ್ತಿತ್ತು, ಪೂರ್ತಿ ಕೆಟ್ಟ ದಿನ ಹಾಕಲೆಂದು ಹೊಸದೊಂದನ್ನು ತರಿಸಿಟ್ಟಳು.

ಅಲ್ಲಿಂದ ಕೆಲಸ ಇಳಿಜಾರಿನಲ್ಲಿ ಹೋದ ಹಾಗೆ ಹೋಯಿತು. ಸೆಪ್ಟೆಂಬರಿನಲ್ಲಿ ಒಂದೊಂದೇ ಸಂದರ್ಭಕ್ಕೂ ಮಾತು ಬರೆದು ಮುಗಿಸುತ್ತ ಬಂದು, ಕೊನೆಗೆ ಉಳಿದದ್ದು ಯಂತ್ರವನ್ನು ಪೂರ್ತಿ ಆರಿಸುವ ಸಂದರ್ಭ. ಅವಳು ಬರೆದದ್ದನ್ನು ನಾನು ಗಟ್ಟಿಯಾಗಿ ಓದಿದೆ. ಎಲ್ಲಾ ಚಿತ್ರಗಳೂ ಒಳಗಿವೆ. ಯಾವ ಕೆಲಸವೂ ಬಾಕಿ ಇಲ್ಲ. ಸಿಸ್ಟರ್ ಮನೆಗೆ ಹೋಗಬಹುದು.

ಮೂರನೆಯದನ್ನು ತೆಗೆದುಹಾಕು ಎಂದೆ. ವರದಿಯಲ್ಲಿ ತಮಾಷೆ ಇರಬಾರದು.

“ತಮಾಷೆ ಅಲ್ಲ. ಈಗ ಏನು ಮಾಡಬೇಕು ಅನ್ನೋದು ತಾನೆ ಮೂರನೇದು? ಯಂತ್ರನೇ ಆರ್ಸಿದ್ ಮೇಲೆ ನೀವು ಮಾಡಬೇಕಾದ್ದು ಅದೊಂದೇ.”

ನನ್ನ ಕುರ್ಚಿಗೆ ನಾಳೆ ಬೇರೆ ಯಾರೋ ಬರುತ್ತಾರೆ ಎಂದೆ. ಅವರೂ ಮನೆಗೆ ಹೋಗಲಿ, ಅವರಿಗೂ ಮನೆ ಇರುತ್ತದಲ್ಲ ಎಂದಳು. ನಾನು ದನಿ ಏರಿಸಿ, ತೆಗೆ ಎಂದೆ. “ಆಯ್ತು ಬುಡಿ ಸಿಸ್ಟ್ರೇ,” ಎಂದಳು. ನಮ್ಮ ಕಡೆ ಆ ಮಾತಿಗೆ ಹೌದು ಎಂದೂ ಅರ್ಥವಿಲ್ಲ, ಇಲ್ಲ ಎಂದೂ ಅರ್ಥವಿಲ್ಲ. ಯಂತ್ರ ಹಗಲೂ ರಾತ್ರಿ ನಡೆಯುವಂಥದ್ದು, ಅದನ್ನು ಪೂರ್ತಿ ಆರಿಸುವ ಸಂದರ್ಭ ಬರಲೇ ಇಲ್ಲ. ಅವಳು ತೆಗೆದಳೋ ಬಿಟ್ಟಳೋ ನಾನು ನೋಡಲು ಹೋಗಲಿಲ್ಲ.

ದಸರಾಕ್ಕೆ ಮುಂಚೆ ಪರೀಕ್ಷೆ. ಅವಳು ಕೆಲವು ದಿನ ಆಸ್ಪತ್ರೆಗೆ ಬರುವುದಿಲ್ಲ. ನಾವೇ ನಿಭಾಯಿಸಿದರೆ ಅವಳ ಕೆಲಸ ಮುಗಿಯಿತು. ನಿಭಾಯಿಸಲಾಗದಿದ್ದರೆ ಕಂಪನಿಯವರು ಅವಳನ್ನು ಇನ್ನಷ್ಟು ದಿನ ಇಲ್ಲೇ ಇರಿಸುತ್ತಾರೆ. ಹೊರಡುವಾಗ ಮೊಳೆಯಿಂದ ಕೊಡೆ ತೆಗೆದುಕೊಳ್ಳುತ್ತ, ಏನಾದರೂ ಆದರೆ ಫೋನ್ ಮಾಡಿ ಎಂದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, “ಏನೂ ಆಗ್ದಿದ್ರೂ ಮಾಡಿ,” ಎಂದಳು.

ಎರಡನೆಯ ದಿನ ಮಧ್ಯಾಹ್ನ ಮಳೆ ಹೊಡೆಯಿತು. ಕರೆಂಟು ಹೋಯಿತು. ಪರದೆಯ ಮೇಲೆ ಕೆಂಪು ಸಾಲು ಬಂತು. ಮೂರನೇ ಡಿಸ್ಕ್ ಉತ್ತರ ಕೊಡುತ್ತಿಲ್ಲ. ಕರೆಂಟು ಹೋದಾಗಿನಿಂದ ಹೀಗಿದೆ, ಯಾವ ಚಿತ್ರವೂ ಕಳೆದಿಲ್ಲ. ಅದನ್ನು ತೆಗೆದು ಹೊಸ ಡಿಸ್ಕ್ ಹಾಕಿ.

ರೇವಣ್ಣನಿಗೆ ಅಂಜಿಕೆ. ಎಕ್ಸ್-ರೇ ಬಿಟ್ಟು ಬೇರೆ ಯಂತ್ರಕ್ಕೆ ಅವನು ಕೈ ಹಾಕಿದವನಲ್ಲ. “ಇಂಜಿನಿಯರಮ್ಮಂಗೆ ಒಂದು ಫೋನ್ ಮಾಡ್ಬುಡನ ಸಿಸ್ಟ್ರೇ. ಒಂದೇ ಒಂದು ಮಾತು ಕೇಳ್ಬುಡನ,” ಎಂದ.

ಫೋನು ಆಗಲೇ ನನ್ನ ಕೈಯಲ್ಲಿತ್ತು. ಅವಳ ಹೆಸರೂ ಪರದೆಗೆ ಬಂದಿತ್ತು. ಒತ್ತಿದರೆ ಮುಂದಿನ ಬಸ್ಸಿಗೆ ಬರುತ್ತಾಳೆ. ಕೊಡೆ ಮೊಳೆಗೆ ಬೀಳುತ್ತದೆ. ಆಸ್ಪತ್ರೆಯವರಿಗೆ ಇನ್ನೂ ಆಗುವುದಿಲ್ಲ ಎಂದು ಅವಳು ಬರೆದು ಕಳಿಸುತ್ತಾಳೆ, ಅದರಲ್ಲಿ ಸುಳ್ಳೂ ಇರುವುದಿಲ್ಲ. ದಸರಾ ಕಳೆಯುತ್ತದೆ, ಅವರೆಕಾಯಿ ಕಾಲವೂ ಬರುತ್ತದೆ. ಅವಳಿಗೆ ಅವರೆಕಾಳಿನ ಉಪ್ಪಿಟ್ಟು ಇಷ್ಟ ಎಂದು ಒಮ್ಮೆ ಹೇಳಿದ್ದಳು.

ಆದರೆ ಸಾಲು ನನ್ನ ಮುಂದಿತ್ತು. ಓದಿದ್ದೆ, ಅರ್ಥವಾಗಿತ್ತು. ಅರ್ಥವಾದದ್ದನ್ನು ಅರ್ಥವಾಗಲಿಲ್ಲ ಎನ್ನಲು ನನಗೆ ಯಾರೂ ಕಲಿಸಿರಲಿಲ್ಲ.

ಫೋನನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದೆ. ರೇವಣ್ಣ, ಗಟ್ಟಿಯಾಗಿ ಓದು ಎಂದೆ. ಅವನು ಓದಿದ. ನಾನು ಎದ್ದು ನಿಂತು ಮೂರು ಮಾತನ್ನೂ ತಿರುಗಿ ಹೇಳಿದೆ. ಪ್ಲಾಸ್ಟರಿನ ಮೇಲೆ ಮೂರು ಎಂದು ಬರೆದಿದ್ದ ಡಿಸ್ಕನ್ನು ಅವನು ಎಳೆದ, ಹೊಸದನ್ನು ತಳ್ಳಿದ. ಹಳೆಯದರ ಪ್ಲಾಸ್ಟರನ್ನು ಕಿತ್ತು ನಾನು ಹೊಸದಕ್ಕೆ ಅಂಟಿಸಿದೆ. ಸ್ವಲ್ಪ ಹೊತ್ತಿಗೆ ಹಸಿರು ಸಾಲು ಬಂತು. ಅಂದು ಬೆಳಿಗ್ಗೆ ತೆಗೆದಿದ್ದ ನಿಂಗರಾಜುವಿನ ಚಿತ್ರ ಇದ್ದಲ್ಲೇ ಇತ್ತು. ಮಾರನೆಯ ದಿನ ಡಾಕ್ಟರು ಅದನ್ನು ನೋಡಿ ಮೂಳೆ ಕೂಡಿದೆ ಎಂದಾಗ ಅವನು ನನ್ನ ಕಡೆ ತಿರುಗಿ, “ಸಿಕ್ತಾ ಸಿಸ್ಟ್ರೇ ನನ್ನ ಮೂಳೆ? ಬುಡಿ, ಇನ್ಮೇಲೆ ನಾನೇ ಮಡಿಕ್ಕತೀನಿ,” ಎಂದು ಕೋಲೂರಿಕೊಂಡು ಹೋದ.

ಶಶಿಕಲಾ ವಾಪಸ್ಸು ಬಂದವಳು ಕೂರದೆ, ನಿಂತುಕೊಂಡೇ ಆ ದಿನಗಳ ಲಾಗನ್ನು ಮೇಲಿನಿಂದ ಓದಿದಳು. ಕೆಂಪು ಸಾಲಿನ ಹತ್ತಿರ ಬೆರಳು ನಿಂತಿತು. ಕೆಳಗಿನ ಹಸಿರು ಸಾಲಿಗೆ ಇಳಿಯಿತು.

“ಫೋನ್ ಮಾಡ್ಲಿಲ್ಲ ನೀವು.”

“ಬೇಕಾಗಲಿಲ್ಲ.”

“ಮಾಡ್ಬೋದಾಗಿತ್ತು ಸಿಸ್ಟ್ರೇ.”

“ನೀನು ಚೆನ್ನಾಗಿ ಬರೆದಿದ್ದೆ,” ಎಂದೆ. ಅವಳು ಪರದೆಯ ಕಡೆಗೆ ತಿರುಗಿ ಲಾಗನ್ನು ಮತ್ತೆ ಮೇಲಿನಿಂದ ಓದತೊಡಗಿದಳು.

ಹೊರಡುವ ದಿನ ಎದ್ದು ನಿಂತು ಯಂತ್ರವನ್ನು ಕ್ರಮವಾಗಿ ಒಪ್ಪಿಸಿದಳು. ನಾನು ತಿರುಗಿ ಹೇಳಿದೆ. ಅಲ್ಲಿಗೆ ವಾರ್ಡು ನನ್ನದಾಯಿತು. ಬಸ್ಸು ಬಂತು. ಮೊಳೆಯ ಕೆಳಗೆ ನೆಲದ ಮೇಲೆ ಕೊಡೆಯ ನೀರಿನ ಕಲೆ ಉಳಿದಿತ್ತು. ಆಯಾಳಿಗೆ ಅದನ್ನು ಒರೆಸಲು ನಾನು ಹೇಳಲಿಲ್ಲ. ಮಳೆ ನಿಂತ ಮೇಲೆ ಅದು ತಾನೇ ಹೋಯಿತು.

ಅವಳನ್ನು ಹಾಸನಕ್ಕೆ ಕಳಿಸಿದರು, ಅಲ್ಲಿಂದ ಹುಬ್ಬಳ್ಳಿಗೆ. ಮೊದಮೊದಲು ಭಾನುವಾರ ಫೋನು ಬರುತ್ತಿತ್ತು. ಆಮೇಲೆ ದೀಪಾವಳಿಗೆ, ಯುಗಾದಿಗೆ. ಈಗ ಬೆಳಿಗ್ಗೆ ಒಮ್ಮೊಮ್ಮೆ ಹೂವಿನ ಚಿತ್ರವೊಂದು ಬರುತ್ತದೆ, ಅದರ ಮೇಲೆ ಶುಭೋದಯ ಎಂದು ಇರುತ್ತದೆ. ನಾನೂ ಶುಭೋದಯ ಎಂದು ಒತ್ತಿ ಕಳಿಸುತ್ತೇನೆ. ಯಾರದೂ ತಪ್ಪಿಲ್ಲ. ಕಾಳು ನೆನೆಹಾಕುವಾಗ ನಾನು ಮತ್ತೆ ಒಂದೇ ಹಿಡಿಗೆ ಬಂದಿದ್ದೇನೆ, ಆದರೆ ಈ ವಾಸನೆ ಬರುವ ತಿಂಗಳುಗಳಲ್ಲಿ ಕೈ ಒಂದು ಕ್ಷಣ ಡಬ್ಬಿಯ ಮೇಲೆ ನಿಲ್ಲುತ್ತದೆ.

“ಮೇಡಂ, ಪ್ಲಗ್ ಕಿತ್ತುಬಿಟ್ಟರೆ ಆಯಿತಲ್ಲ. ಎಲ್ಲಾ ಕಾಪಿ ಆಗಿದೆ,” ಎಂದರು ಹೊಸ ಕಂಪನಿಯವರು. ಅವರಿಗೆ ಮೈಸೂರಿನ ಬಸ್ಸಿನ ಆತುರ.

ಕ್ರಮವಾಗಿ ಆರಿಸಬೇಕು ಎಂದು ಎದ್ದೆ. ಪಕ್ಕದ ಕಂಪ್ಯೂಟರಿನಲ್ಲಿ ಲಾಗ್ ತೆರೆದು, ಯಂತ್ರಕ್ಕೆ ಆರುವ ಆಜ್ಞೆ ಕೊಟ್ಟೆ. ನನ್ನ ಕನ್ನಡಕ ಮಂಜಾಗಿತ್ತು, ರೇವಣ್ಣನಿಗೆ ಓದಲು ಹೇಳಿದೆ. ಅವನು ಓದಿದ. ಎಕ್ಸ್-ರೇ ಯಂತ್ರದ ಸಂಪರ್ಕ ಬಿಟ್ಟಿದೆ. ಒಂದನೇ ಡಿಸ್ಕ್ ನಿಂತಿದೆ. ಎರಡನೇ ಡಿಸ್ಕ್ ನಿಂತಿದೆ. ಮೂರನೇ ಡಿಸ್ಕ್ ನಿಂತಿದೆ. ನಾಲ್ಕನೇ ಡಿಸ್ಕ್ ನಿಂತಿದೆ. ಎಲ್ಲಾ ಚಿತ್ರಗಳೂ ಒಳಗಿವೆ. ಯಾವ ಕೆಲಸವೂ ಬಾಕಿ ಇಲ್ಲ. ಅಲ್ಲಿ ಅವನು ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಕನ್ನಡಕ ಒರೆಸಿಕೊಂಡು ನಾನೇ ನೋಡಿದೆ. ಸಿಸ್ಟರ್ ಮನೆಗೆ ಹೋಗಬಹುದು. ಆ ಮೂರನೇ ಮಾತನ್ನು ಅವಳು ತೆಗೆದಿರಲಿಲ್ಲ.

ಯಂತ್ರದ ಫ್ಯಾನು ನಿಧಾನವಾಗಿ ನಿಂತಿತು. ಆ ಕೋಣೆ ಇಷ್ಟು ಸದ್ದಿಲ್ಲದೆ ಇರುವುದನ್ನು ನಾನು ಕಂಡಿರಲಿಲ್ಲ.

ಒಂದು ಕೆಲಸ ಉಳಿದಿತ್ತು. ಒಪ್ಪಿಸಿಕೊಂಡದ್ದನ್ನು ಒಪ್ಪಿಸಬೇಕು. ನಿಂತುಕೊಂಡೇ ಫೋನ್ ಮಾಡಿದೆ. ಅವಳು ತಕ್ಷಣ ಎತ್ತಿದಳು. ಹಿಂದೆ ಎಲ್ಲೋ ಯಂತ್ರಗಳ ಸದ್ದು, ಅವಳೂ ಕೆಲಸದಲ್ಲಿದ್ದಳು. ಕುಶಲ ಕೇಳದೆ ಹೇಳಿದೆ.

“ಶಶಿ, ಯಂತ್ರವನ್ನು ಈಗ ತಾನೆ ಆರಿಸಿದೆ. ಎಲ್ಲಾ ಚಿತ್ರಗಳೂ ಒಳಗಿವೆ. ಯಾವ ಕೆಲಸವೂ ಬಾಕಿ ಇಲ್ಲ.”

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಯಂತ್ರಗಳ ಗದ್ದಲ ನಿಂತಿತು. ಅವಳು ತಿರುಗಿ ಹೇಳಿದಳು, ಎಲ್ಲಾ ಚಿತ್ರಗಳೂ ಒಳಗಿವೆ, ಯಾವ ಕೆಲಸವೂ ಬಾಕಿ ಇಲ್ಲ.

“ಮೂರನೇದು ನೀವೇ ಏಳ್ಬೇಕು ಸಿಸ್ಟ್ರೇ,” ಎಂದಳು ಮೆಲ್ಲಗೆ. “ನೀವು ಏಳ್ದೆ ನಾನು ಒಪ್ಪಿಸ್ಕೊಳಂಗಿಲ್ಲ.”

ಹೇಳಿದೆ. ಅವಳು ತಿರುಗಿ ಹೇಳಿದಳು.

ಪ್ಲಗ್ ತೆಗೆದೆ. ಕಿಟಕಿ ಮುಚ್ಚಿದೆ. ಬಾಗಿಲಿಗೆ ಬೀಗ ಹಾಕಿ ಕೀಗೊಂಚಲನ್ನು ರೇವಣ್ಣನ ಕೈಗೆ ಕೊಟ್ಟೆ.